ಚದುರಂಗದ ಮನೆಗಳೂ ಮೆರ್ಸೆನ್ ಸಂಖ್ಯೆಗಳೂ

ಚದುರಂಗದಾಟವನ್ನು ಕಂಡುಹಿಡಿದವನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆಟವನ್ನು ಕಂಡು ಮೆಚ್ಚಿದ ಅರಸನು "ನಿನಗೆ ಬೇಕಾದುದನ್ನು ಕೇಳು" ಎಂದನಂತೆ. ಆತನು ಕೈಮುಗಿದು, "ಹಾಸಿನ ಮೊದಲನೆಯ ಮನೆಗೆ ಒಂದು ಕಾಳು ಗೋಧಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಸುತ್ತ 64 ಮನೆಗಳಿಗೂ ಕೊಟ್ಟರೆ ಸಾಕು" ಎಂದನಂತೆ. ಅರಸನು ನಕ್ಕು ಒಪ್ಪಿದನು. ಉಗ್ರಾಣದವನು ಲೆಕ್ಕ ಹಾಕಿದ ಮೇಲೆ ಆ ನಗು ಉಳಿಯಲಿಲ್ಲ. ಏಕೆಂದರೆ ಕಾಳುಗಳ ಒಟ್ಟು ಮೊತ್ತ 1,84,46,74,40,73,70,95,51,615.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಈ ಹೊತ್ತು ನಾವು ಅದೇ ಹಾಸನ್ನು ಮುಂದಿಟ್ಟುಕೊಂಡು ಬೇರೊಂದು ಪ್ರಶ್ನೆಯನ್ನು ಕೇಳೋಣ. ಮೊದಲನೆಯ ಮನೆಯಿಂದ ಒಂದೊಂದಾಗಿ ಕಾಳುಗಳನ್ನು ಕೂಡಿಸುತ್ತ ಹೋದರೆ ಬರುವ ಮೊತ್ತಗಳು 1, 3, 7, 15, 31, 63, 127, ಹೀಗೆ. ಪ್ರತಿಯೊಂದು ಮೊತ್ತವೂ ಮುಂದಿನ ಮನೆಯ ಕಾಳುಗಳಿಗಿಂತ ಒಂದು ಮಾತ್ರ ಕಡಮೆ. ಇವುಗಳಲ್ಲಿ ಅವಿಭಾಜ್ಯ ಸಂಖ್ಯೆಗಳು ಯಾವುವು? ಅಂದರೆ, ಒಂದರಿಂದಲೂ ತನ್ನಿಂದಲೂ ಹೊರತು ಮತ್ತಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದವು ಯಾವುವು? ಪ್ರಶ್ನೆ ಇಷ್ಟೆ. ಮಗುವಿಗೂ ಅರ್ಥವಾಗತಕ್ಕದ್ದು. ಆದರೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಇದು ಗಣಿತಜ್ಞರನ್ನು ಕಾಡಿದೆ; ಇದರ ಕೊನೆಯನ್ನು ಇನ್ನೂ ಯಾರೂ ಕಂಡಿಲ್ಲ.

ಮೊದಲು ಒಂದು ಸುಲಭವಾದ ಮಾತು. ಆರನೆಯ ಮನೆಯವರೆಗಿನ ಮೊತ್ತ 63. ಈ ಆರು ಮನೆಗಳನ್ನು ಮೂರು ಮೂರಾಗಿ ಎರಡು ಗುಂಪು ಮಾಡಿ. ಮೊದಲನೆಯ ಗುಂಪಿನಲ್ಲಿ ಒಂದು, ಎರಡು, ನಾಲ್ಕು, ಒಟ್ಟು 7. ಎರಡನೆಯ ಗುಂಪಿನಲ್ಲಿ ಎಂಟು, ಹದಿನಾರು, ಮೂವತ್ತೆರಡು, ಒಟ್ಟು 56. ಎಂದರೆ ಎಂಟು ಏಳು. ಆದ್ದರಿಂದ ಮೊತ್ತವು ಏಳರಿಂದ ಭಾಗವಾಗಲೇಬೇಕು. ಮನೆಯ ಕ್ರಮಸಂಖ್ಯೆಯನ್ನು ಸಮಗುಂಪುಗಳಾಗಿ ಒಡೆಯಲು ಸಾಧ್ಯವಾದಾಗಲೆಲ್ಲ ಮೊತ್ತವೂ ಹೀಗೆಯೇ ಒಡೆಯುತ್ತದೆ. ಆದುದರಿಂದ ಮೊತ್ತವು ಅವಿಭಾಜ್ಯವಾಗಬೇಕಾದರೆ ಮನೆಯ ಕ್ರಮಸಂಖ್ಯೆಯೂ ಅವಿಭಾಜ್ಯವಾಗಿರಬೇಕು. 64 ಮನೆಗಳಲ್ಲಿ ಅಂಥವು 18.

ಇಷ್ಟರಿಂದಲೇ ಕಾರ್ಯವು ಮುಗಿದಿದ್ದರೆ ಈ ಭಾಷಣಕ್ಕೆ ಅವಕಾಶವಿರುತ್ತಿರಲಿಲ್ಲ. ಎರಡು, ಮೂರು, ಐದು, ಏಳನೆಯ ಮನೆಗಳ ಮೊತ್ತಗಳು 3, 7, 31, 127, ನಾಲ್ಕೂ ಅವಿಭಾಜ್ಯಗಳೇ. ಹನ್ನೊಂದನೆಯ ಮನೆಗೆ ಬಂದಾಗ ಕಾಲು ಜಾರುತ್ತದೆ. ಅಲ್ಲಿಯ ಮೊತ್ತ 2,047. ಇದು 23 ಮತ್ತು 89ರ ಗುಣಲಬ್ಧ. ಹದಿಮೂರನೆಯದು ಮತ್ತೆ ಅವಿಭಾಜ್ಯ. ಹೀಗೆ 18 ಮನೆಗಳಲ್ಲಿ ಒಂಬತ್ತು ಗೆಲ್ಲುತ್ತವೆ, ಒಂಬತ್ತು ಸೋಲುತ್ತವೆ. ಯಾವುದು ಗೆಲ್ಲುವುದು, ಯಾವುದು ಸೋಲುವುದು ಎಂಬುದನ್ನು ಪರೀಕ್ಷಿಸದೆ ಮುಂದಾಗಿ ಹೇಳುವ ಸೂತ್ರವು ಈವರೆಗೆ ಸಿಕ್ಕಿಲ್ಲ.

ಈ ಮೊತ್ತಗಳ ಮೇಲೆ ಮೊದಲು ಕಣ್ಣಿಟ್ಟವರು ಗ್ರೀಕರು. ತನ್ನ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆಯನ್ನು ಅವರು ಪರಿಪೂರ್ಣ ಸಂಖ್ಯೆ ಎಂದು ಕರೆದರು. ಆರು ಅಂಥದು: ಒಂದು, ಎರಡು, ಮೂರು ಕೂಡಿದರೆ ಆರು. 28 ಮತ್ತೊಂದು. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಒಂದು ಸುಂದರವಾದ ನಿಯಮವನ್ನು ಸಾಧಿಸಿದ್ದಾನೆ. ಅದನ್ನು ನಮ್ಮ ಹಾಸಿನ ಮಾತಿನಲ್ಲಿ ಹೀಗೆ ಹೇಳಬಹುದು: ಒಂದು ಮನೆಯವರೆಗಿನ ಮೊತ್ತವು ಅವಿಭಾಜ್ಯವಾಗಿದ್ದರೆ, ಆ ಮೊತ್ತವನ್ನು ಆ ಮನೆಯ ಕಾಳುಗಳಿಂದ ಗುಣಿಸಿ, ಬರುವುದು ಪರಿಪೂರ್ಣ ಸಂಖ್ಯೆ. ಮೂರನ್ನು ಎರಡರಿಂದ ಗುಣಿಸಿದರೆ 6, ಏಳನ್ನು ನಾಲ್ಕರಿಂದ ಗುಣಿಸಿದರೆ 28, 31ನ್ನು 16ರಿಂದ ಗುಣಿಸಿದರೆ 496, 127ನ್ನು 64ರಿಂದ ಗುಣಿಸಿದರೆ 8,128. ಸಮಸಂಖ್ಯೆಯಾದ ಪರಿಪೂರ್ಣ ಸಂಖ್ಯೆಗಳೆಲ್ಲವೂ ಈ ರೀತಿಯಲ್ಲಿಯೇ ಹುಟ್ಟತಕ್ಕವು ಎಂಬುದನ್ನು ಎರಡು ಸಾವಿರ ವರ್ಷಗಳ ಮೇಲೆ ಆಯ್ಲರನು ತೋರಿಸಿದನು.

ನಮ್ಮ ದೇಶದಲ್ಲಿ ಇಮ್ಮಡಿಸುವ ಲೆಕ್ಕವು ಬೆಳೆದುದು ಛಂದಶ್ಶಾಸ್ತ್ರದಲ್ಲಿ. ಒಂದಕ್ಷರಕ್ಕೆ ಲಘು ಗುರುಗಳೆಂದು ಎರಡು ರೂಪ, ಎರಡಕ್ಷರಕ್ಕೆ ನಾಲ್ಕು, ಮೂರಕ್ಷರಕ್ಕೆ ಎಂಟು, ಅವೇ ನಾವು ಬಾಯಿಪಾಠ ಮಾಡಿದ ಎಂಟು ಗಣಗಳು. ಇವುಗಳನ್ನೆಲ್ಲ ಕೂಡಿಸುವ ನಿಯಮವನ್ನು ಪಿಂಗಳನು ಸೂತ್ರವಾಗಿ ಕೊಟ್ಟಿದ್ದಾನೆ. ಒಂದರಿಂದ ಮೂರಕ್ಷರದವರೆಗಿನ ರೂಪಗಳು 14. ಎಂದರೆ ನಮ್ಮ ಮೂರನೆಯ ಮನೆಯ ಮೊತ್ತವಾದ ಏಳರ ಎರಡರಷ್ಟು. ದೊಡ್ಡ ಘಾತವನ್ನು ಒಂದೊಂದೇ ಹೆಜ್ಜೆಯಿಂದ ಮುಟ್ಟದೆ, ವರ್ಗ ಮಾಡುತ್ತ, ಬೇಕಾದಲ್ಲಿ ಇಮ್ಮಡಿಸುತ್ತ ಬೇಗನೆ ತಲಪುವ ಉಪಾಯವೂ ಆತನಲ್ಲಿದೆ. ಇಂದಿನ ಗಣಕಯಂತ್ರಗಳು ಮಹಾಘಾತಗಳನ್ನು ಎಣಿಸುವುದು ಇದೇ ತತ್ತ್ವದ ಮೇಲೆ. ಆದರೆ ಆ ಮೊತ್ತಗಳು ಅವಿಭಾಜ್ಯವೆ ಎಂಬ ಪ್ರಶ್ನೆ ಪಿಂಗಳನ ಸೂತ್ರಗಳಲ್ಲಿಲ್ಲ. ಆತನ ಉದ್ದೇಶವೇ ಬೇರೆ. ಇಲ್ಲದುದನ್ನು ಇದೆಯೆಂದು ಹೇಳಿ ಪೂರ್ವಿಕರನ್ನು ಗೌರವಿಸಬೇಕಾಗಿಲ್ಲ.

ಯೂರೋಪಿನಲ್ಲಿ ಬೇಟೆಯು ಬಿರುಸಾದುದು ಹದಿನಾರನೆಯ ಶತಮಾನದ ಕೊನೆಯಿಂದ. ಬೊಲೊನ್ಯದ ಕತಾಲ್ದಿಯು 17 ಮತ್ತು 19ನೆಯ ಮನೆಗಳ ಮೊತ್ತಗಳನ್ನು ಸಿಕ್ಕಸಿಕ್ಕ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿ, ಅವು ಅವಿಭಾಜ್ಯವೆಂದು ಸ್ಥಾಪಿಸಿದನು. 19ನೆಯ ಮನೆಯ ಮೊತ್ತ 5,24,287. ಅದರ ವರ್ಗಮೂಲ 725ರೊಳಗಿರುವುದರಿಂದ ಅಲ್ಲಿಯವರೆಗೆ ಭಾಗಿಸಿದರೆ ಸಾಕು. ಇಷ್ಟಕ್ಕೆ ತೃಪ್ತನಾಗದೆ ಆತನು 23, 29, 31, 37ನೆಯ ಮನೆಗಳೂ ಅಂಥವೇ ಎಂದು ಸೇರಿಸಿಬಿಟ್ಟನು. ಈ ನಾಲ್ಕರಲ್ಲಿ 31 ಒಂದು ಮಾತ್ರ ನಿಜವಾಯಿತು. 1640ರಲ್ಲಿ ಫರ್ಮಾ ಎಂಬ ಫ್ರೆಂಚ್ ನ್ಯಾಯಾಧಿಕಾರಿಯು ಒಂದು ನಿಯಮವನ್ನು ಕಂಡುಹಿಡಿದನು. ಯಾವ ಅವಿಭಾಜ್ಯ ಮನೆಯ ಮೊತ್ತಕ್ಕಾದರೂ ಭಾಜಕವಾಗಬೇಕಾದ ಸಂಖ್ಯೆಯು, ಮನೆಯ ಕ್ರಮಸಂಖ್ಯೆಯ ಎರಡರಷ್ಟರ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. 23ನೆಯ ಮನೆಯನ್ನು ನೋಡಿ. ಅದರ ಎರಡರಷ್ಟು 46, ಒಂದು ಸೇರಿದರೆ 47. ಮೊದಲನೆಯ ಪ್ರಯತ್ನದಲ್ಲಿಯೇ ಕಳ್ಳನು ಸಿಕ್ಕಿಬಿದ್ದನು: 83,88,607 ಎಂಬುದು 47ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಫರ್ಮಾನೊಡನೆ ಪತ್ರವ್ಯವಹಾರ ನಡಸುತ್ತಿದ್ದವರಲ್ಲಿ ಮೆರ್ಸೆನ್ ಎಂಬ ಸನ್ಯಾಸಿಯೊಬ್ಬನಿದ್ದನು. 1588ರಲ್ಲಿ ಹುಟ್ಟಿ 1648ರಲ್ಲಿ ತೀರಿಕೊಂಡ ಈತನು ಪ್ಯಾರಿಸಿನ ತನ್ನ ಮಠದಲ್ಲಿ ಕುಳಿತು ಯೂರೋಪಿನ ವಿದ್ವಾಂಸರಿಗೆಲ್ಲ ಕಾಗದ ಬರೆಯುತ್ತಿದ್ದನು. ವೈಜ್ಞಾನಿಕ ಪತ್ರಿಕೆಗಳಿಲ್ಲದಿದ್ದ ಆ ಕಾಲದಲ್ಲಿ ಈತನೇ ಒಂದು ಪತ್ರಿಕೆಯಂತಿದ್ದನು. 1644ರಲ್ಲಿ ಪ್ರಕಟಿಸಿದ ಗ್ರಂಥದ ಮುನ್ನುಡಿಯಲ್ಲಿ ಈತನು, 257ನೆಯ ಮನೆಯವರೆಗೆ ಅವಿಭಾಜ್ಯ ಮೊತ್ತಗಳನ್ನು ಕೊಡುವ ಮನೆಗಳು ಇವಿಷ್ಟೇ ಎಂದು ಹೇಳಿದನು: 2, 3, 5, 7, 13, 17, 19, 31, 67, 127, 257. ಸಾಧನೆಯನ್ನು ಕೊಡಲಿಲ್ಲ. 257ನೆಯ ಮನೆಯ ಮೊತ್ತಕ್ಕೆ 78 ಅಂಕಿಗಳು. ಅದನ್ನು ಆ ಕಾಲದಲ್ಲಿ ಯಾರೂ ಪರೀಕ್ಷಿಸುವಂತಿರಲಿಲ್ಲ. ಆದರೂ ಮಾತು ನಿಂತಿತು. ಸಂಖ್ಯೆಗಳಿಗೆ ಆತನ ಹೆಸರೇ ನಿಂತಿತು. ಆ ಹನ್ನೊಂದು ಸಂಖ್ಯೆಗಳ ಪಟ್ಟಿಯನ್ನು ಪೂರ್ತಿಯಾಗಿ ಒರೆಗೆ ಹಚ್ಚಿ ಮುಗಿಸುವ ವೇಳೆಗೆ 1947 ಬಂದಿತು. ಒಂದು ವಾಕ್ಯವನ್ನು ತಿದ್ದಲು ಮುನ್ನೂರ ಮೂರು ವರ್ಷ!

ಆ ತಿದ್ದುಪಡಿಯ ಕಥೆಯನ್ನು ಸ್ವಲ್ಪ ನೋಡೋಣ. 1772ರಲ್ಲಿ ಆಯ್ಲರನು 31ನೆಯ ಮನೆಯ ಮೊತ್ತವಾದ 2,14,74,83,647 ಅವಿಭಾಜ್ಯವೆಂದು ತೋರಿಸಿದನು. ಆ ವೇಳೆಗೆ ಆತನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಸಾಮಾನ್ಯ ಕ್ರಮದಲ್ಲಿ 46,340ರವರೆಗಿನ ನಾಲ್ಕು ಸಾವಿರದ ಏಳುನೂರಕ್ಕೂ ಮಿಗಿಲಾದ ಅವಿಭಾಜ್ಯಗಳಿಂದ ಭಾಗಿಸಬೇಕಾಗಿತ್ತು. ಆತನು ಫರ್ಮಾನ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, ಭಾಜಕವೇನಾದರೂ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷವು ಒಂದು ಅಥವಾ 63 ಆಗಿರಬೇಕೆಂದು ತೋರಿಸಿದನು. ಪರೀಕ್ಷಿಸಬೇಕಾದ ಸಂಖ್ಯೆಗಳು ಸುಮಾರು 370ಕ್ಕೆ ಇಳಿದವು. ಕೈಕೆಲಸಕ್ಕಿಂತ ತಲೆಕೆಲಸವು ಮುಂದೆ ಹೋಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ಇದಾದ ಮೇಲೆ 1811ರಲ್ಲಿ ಇಂಗ್ಲೆಂಡಿನ ಬಾರ್ಲೋ ಎಂಬಾತನು, ಈ ಸಂಖ್ಯೆಗಳು ಕುತೂಹಲಕ್ಕೆ ಹೊರತು ಉಪಯೋಗಕ್ಕಲ್ಲವಾದ್ದರಿಂದ ಇದಕ್ಕಿಂತ ದೊಡ್ಡದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಾರರು ಎಂಬ ಅಭಿಪ್ರಾಯವನ್ನು ಬರೆದನು. ಮನುಷ್ಯಸ್ವಭಾವವನ್ನು ಆತನು ಅರಿತಿರಲಿಲ್ಲ.

1876ರಲ್ಲಿ ಫ್ರಾನ್ಸಿನ ಲ್ಯುಕಾ ಎಂಬ ಗಣಿತಜ್ಞನು ಹೊಸದೊಂದು ದಾರಿಯನ್ನು ತೆರೆದನು. ಭಾಜಕವನ್ನು ಹುಡುಕುತ್ತ ಅಲೆಯದೆಯೇ ಒಂದು ಸಂಖ್ಯೆಯು ಅವಿಭಾಜ್ಯವೆ ಅಲ್ಲವೆ ಎಂಬುದನ್ನು ತೀರ್ಮಾನಿಸುವ ಪರೀಕ್ಷೆ ಅದು. 1930ರಲ್ಲಿ ಅಮೆರಿಕದ ಲೆಹ್ಮರ್ ಅವರು ಅದನ್ನು ಸರಳಗೊಳಿಸಿದರು. ಕೇಳುವವರು ಮನಸ್ಸಿನಲ್ಲಿಯೇ ಮಾಡಿ ನೋಡಬಹುದು. ನಾಲ್ಕರಿಂದ ಪ್ರಾರಂಭಿಸಿ. ಅದನ್ನು ವರ್ಗ ಮಾಡಿ ಎರಡನ್ನು ಕಳೆಯಿರಿ. ಬಂದುದನ್ನು ಪರೀಕ್ಷಿಸಬೇಕಾದ ಮೊತ್ತದಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ ಎರಡು ಕಳೆಯುವುದು, ಮತ್ತೆ ಶೇಷ. ಮನೆಯ ಕ್ರಮಸಂಖ್ಯೆಗಿಂತ ಎರಡು ಕಡಮೆಯಷ್ಟು ಸಲ ಹೀಗೆ ಮಾಡಿದ ಮೇಲೆ ಶೇಷವು ಸೊನ್ನೆಯಾದರೆ ಮೊತ್ತವು ಅವಿಭಾಜ್ಯ; ಆಗದಿದ್ದರೆ ಅಲ್ಲ. ಐದನೆಯ ಮನೆಯ ಮೊತ್ತ 31ಕ್ಕೆ ಮೂರು ಹೆಜ್ಜೆ. ನಾಲ್ಕರ ವರ್ಗದಲ್ಲಿ ಎರಡು ಕಳೆದರೆ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗ 64, ಎರಡು ಕಳೆದರೆ 62; 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಮುಗಿಯಿತು.

ಇದೇ ಪರೀಕ್ಷೆಯನ್ನು ಹನ್ನೊಂದನೆಯ ಮನೆಯ 2,047ಕ್ಕೆ ಮಾಡಿದರೆ ಒಂಬತ್ತನೆಯ ಹೆಜ್ಜೆಯಲ್ಲಿ 1,736 ಉಳಿಯುತ್ತದೆ. ಸೊನ್ನೆಯಲ್ಲ, ಆದುದರಿಂದ 2,047 ಅವಿಭಾಜ್ಯವಲ್ಲ. ಆದರೆ ಅದನ್ನು ಭಾಗಿಸುವ ಸಂಖ್ಯೆ ಯಾವುದು? 23, 89 ಎಂಬ ಹೆಸರುಗಳನ್ನು ಈ ಪರೀಕ್ಷೆಯು ಎತ್ತುವುದೇ ಇಲ್ಲ. ಊರಿನಲ್ಲಿ ಕಳ್ಳನಿದ್ದಾನೆಂಬುದು ನಿಸ್ಸಂಶಯವಾಗಿ ತಿಳಿಯಿತು, ಕಳ್ಳ ಯಾರೆಂಬುದು ತಿಳಿಯಲಿಲ್ಲ ಎಂದಂತೆ. ಇಂಥ ಅರಿವು ಅರಿವೇ ಹೌದೆ ಎಂದು ನಮ್ಮಲ್ಲಿ ಕೆಲವರು ಶಂಕಿಸಬಹುದು. ಹೌದು ಎಂದೇ ನಮ್ಮ ಉತ್ತರ. ಆದರೆ ಅದು ಅರ್ಧ ಅರಿವು, ಉಳಿದರ್ಧಕ್ಕಾಗಿ ಮನಸ್ಸು ಹಂಬಲಿಸುತ್ತಲೇ ಇರುತ್ತದೆ.

ಲ್ಯುಕಾನ ಪರೀಕ್ಷೆಯಲ್ಲಿ 127ನೆಯ ಮನೆಯು ಗೆದ್ದಿತು. 39 ಅಂಕಿಗಳ ಆ ಮೊತ್ತವು 75 ವರ್ಷಗಳ ಕಾಲ, 1951ರವರೆಗೆ, ಜಗತ್ತಿಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿತ್ತು. 67ನೆಯದು ಸೋತಿತು, ಮೆರ್ಸೆನ್ನನ ಪಟ್ಟಿಯಲ್ಲಿ ಮೊದಲನೆಯ ಬಿರುಕು ಬಿದ್ದಿತು. ಆದರೆ ಅದರ ಭಾಜಕಗಳು ಯಾವುವೆಂಬುದು 27 ವರ್ಷ ಯಾರಿಗೂ ತಿಳಿಯಲಿಲ್ಲ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯೊಂದು ನ್ಯೂಯಾರ್ಕಿನಲ್ಲಿ ಸೇರಿತ್ತು. ಕೋಲ್ ಎಂಬ ಪ್ರಾಧ್ಯಾಪಕರ ಸರದಿ ಬಂದಿತು. ಅವರು ಮಾತನಾಡದೆ ಕಪ್ಪು ಹಲಗೆಯ ಬಳಿಗೆ ಹೋಗಿ, ಎರಡನ್ನು 67 ಸಲ ಗುಣಿಸಿ ಒಂದನ್ನು ಕಳೆದು 14,75,73,95,25,89,67,64,12,927 ಎಂದು ಬರೆದರು. ಹಲಗೆಯ ಮತ್ತೊಂದು ಭಾಗಕ್ಕೆ ಸರಿದು, 19,37,07,721 ಎಂಬುದನ್ನು 7,61,83,82,57,287 ಎಂಬುದರಿಂದ ಶಾಲೆಯ ಹುಡುಗರಂತೆ ಸಾಲು ಸಾಲಾಗಿ ಗುಣಿಸಿದರು. ಎರಡೂ ಒಂದೇ ಆದುವು. ಒಂದು ಮಾತನ್ನೂ ಆಡದೆ ತಮ್ಮ ಸ್ಥಾನಕ್ಕೆ ಹಿಂದಿರುಗಿದರು. ಸಭೆಯು ಕರತಾಡನ ಮಾಡಿತು. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ಆಮೇಲೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದು ಹೇಳಿದರಂತೆ. ಗಣಿತಜ್ಞರ ಚರಿತ್ರೆಯನ್ನು ಬರೆದ ಬೆಲ್ ಎಂಬವರು ಈ ಪ್ರಸಂಗವನ್ನು ಹೇಳಿದ್ದಾರೆ. ಅಂಥ ಮೌನಭಾಷಣವನ್ನು ರೇಡಿಯೋದಲ್ಲಿ ಮಾಡುವ ಭಾಗ್ಯ ನಮಗಿಲ್ಲ.

ಉಳಿದ ತಪ್ಪುಗಳೂ ಒಂದೊಂದಾಗಿ ಹೊರಬಿದ್ದವು. 61ನೆಯ ಮನೆಯನ್ನು ಮೆರ್ಸೆನ್ನನು ಬಿಟ್ಟಿದ್ದನು. ಅದರ ಮೊತ್ತ 23,05,84,30,09,21,36,93,951 ಅವಿಭಾಜ್ಯವೆಂದು 1883ರಲ್ಲಿ ತೋರಿಸಿದವನು ರಷ್ಯಾದ ಹಳ್ಳಿಯೊಂದರ ಪಾದ್ರಿ ಪೆರ್ವುಶಿನ್. 89ನೆಯದನ್ನು 1911ರಲ್ಲಿ, 107ನೆಯದನ್ನು 1914ರಲ್ಲಿ ಅಮೆರಿಕದ ಪವರ್ಸ್ ಅವರು ಸೇರಿಸಿದರು. ಪಟ್ಟಿಯ ಕೊನೆಯದಾದ 257 ಸುಳ್ಳೆಂದು 1920ರ ದಶಕದಲ್ಲಿ ಕ್ರೈಚಿಕ್ ಮತ್ತು ಲೆಹ್ಮರ್ ಅವರ ಲೆಕ್ಕಗಳಿಂದ ತಿಳಿಯಿತು. ಒಟ್ಟು ಐದು ತಪ್ಪು: ಇರಬಾರದ ಎರಡು, ಬಿಟ್ಟುಹೋದ ಮೂರು.

1952ನೆಯ ಜನವರಿ 30ನೆಯ ತಾರೀಖು ಈ ಬೇಟೆಯ ಸ್ವರೂಪವೇ ಬದಲಾಯಿತು. ಬರ್ಕ್ಲಿಯ ರಾಬಿನ್ಸನ್ ಅವರು ಯಂತ್ರವನ್ನು ಕಣ್ಣಿನಿಂದ ನೋಡದೆ, ಅದರ ಕೈಪಿಡಿಯನ್ನೋದಿಯೇ ಬರೆದ ಕ್ರಮವಿಧಿಯನ್ನು ಲಾಸ್ ಏಂಜಲಿಸಿನ ವಿದ್ಯುದ್ಗಣಕಕ್ಕೆ ಒಪ್ಪಿಸಲಾಯಿತು. ಒಂದೇ ದಿನದಲ್ಲಿ 521 ಮತ್ತು 607ನೆಯ ಮನೆಗಳು ಸಿಕ್ಕಿದವು. ಆ ವರ್ಷ ಮುಗಿಯುವುದರೊಳಗೆ ಇನ್ನು ಮೂರು. ಯಂತ್ರಗಳು ದೊಡ್ಡವಾದಂತೆ ಸಂಖ್ಯೆಗಳೂ ದೊಡ್ಡವಾದವು. ಆದರೆ ಯಂತ್ರವು ಪ್ರಾಧ್ಯಾಪಕರ ಸೊತ್ತಾಗಿಯೇ ಉಳಿಯಲಿಲ್ಲ. 1978ರಲ್ಲಿ 21,701ನೆಯ ಮನೆಯನ್ನು ಕಂಡುಹಿಡಿದವರು ಕ್ಯಾಲಿಫೋರ್ನಿಯಾದ 18 ವರ್ಷದ ಇಬ್ಬರು ವಿದ್ಯಾರ್ಥಿಗಳು, ಲಾರಾ ನಿಕೆಲ್ ಮತ್ತು ಲ್ಯಾಂಡನ್ ನೋಲ್.

1996ರಲ್ಲಿ ವುಲ್ಟ್‌ಮನ್ ಎಂಬವರು ಈ ಕೆಲಸವನ್ನು ಲೋಕಕ್ಕೆಲ್ಲ ಹಂಚಿದರು. ಸಾಮಾನ್ಯ ಜನರ ಮನೆಗಳಲ್ಲಿ ಸುಮ್ಮನಿರುವ ಗಣಕಗಳಿಗೆ ಒಂದೊಂದು ಮನೆಯನ್ನು ಪರೀಕ್ಷೆಗೆ ಒಪ್ಪಿಸುವ ಏರ್ಪಾಡು ಅದು. ನಮ್ಮೂರಿನ ಮುಷ್ಟಿಭಿಕ್ಷೆಯಂತೆ, ಒಬ್ಬೊಬ್ಬರು ಕೊಡುವುದು ಸ್ವಲ್ಪ, ಸೇರುವುದು ರಾಶಿ. ಅಂದಿನಿಂದ 2024ರವರೆಗೆ ಹದಿನೆಂಟು ಮೆರ್ಸೆನ್ ಅವಿಭಾಜ್ಯಗಳು ಈ ಏರ್ಪಾಡಿನ ಫಲವಾಗಿ ಸಿಕ್ಕಿದವು. 1999ರಲ್ಲಿ ಅಮೆರಿಕದ ನಯನ್ ಹಜರತ್‌ವಾಲಾ ಅವರ ಗಣಕವು 69,72,593ನೆಯ ಮನೆಯನ್ನು ಕಂಡಿತು. ಹತ್ತು ಲಕ್ಷ ಅಂಕಿಗಳನ್ನು ಮೀರಿದ ಮೊದಲನೆಯ ಅವಿಭಾಜ್ಯ ಅದು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಅವರ ಪ್ರಯತ್ನದಿಂದ ಐವತ್ತೆರಡನೆಯದು ಪ್ರಕಟವಾಯಿತು. ಅದು 13,62,79,841ನೆಯ ಮನೆ. ಮೊತ್ತದಲ್ಲಿ 4,10,24,320 ಅಂಕಿಗಳು. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಅಚ್ಚು ಹಾಕಿಸಿದರೆ ಐನೂರು ಪುಟದ 41 ಸಂಪುಟಗಳು ತುಂಬಿ ಇನ್ನೂ ಸ್ವಲ್ಪ ಉಳಿಯುತ್ತದೆ. ಈ ಧ್ವನಿವರ್ಧಕದ ಮುಂದೆ ಕುಳಿತು ಸೆಕೆಂಡಿಗೆ ಎರಡು ಅಂಕಿಯಂತೆ ಹಗಲಿರುಳೂ ಓದಿದರೆ 237 ದಿನಗಳು ಬೇಕು. ಶ್ರೋತೃಗಳು ಹೆದರಬೇಕಾಗಿಲ್ಲ.

ಇದರಿಂದ ಪ್ರಯೋಜನವೇನು? ನಮ್ಮ ತರಗತಿಗಳಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆ ಇದು. ಪ್ರಾಮಾಣಿಕವಾದ ಉತ್ತರವನ್ನೇ ಕೊಡಬೇಕು. ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯದಿಂದ ನೇರವಾದ ಪ್ರಯೋಜನ ಯಾವುದೂ ಇಲ್ಲ. ಬದಿಯ ಪ್ರಯೋಜನಗಳು ಇಲ್ಲದೆ ಇಲ್ಲ. 1952ರಲ್ಲಿ ಸಿಕ್ಕಿದ 521ನೆಯ ಮನೆಯ ಮೊತ್ತವು ಎಷ್ಟೋ ವರ್ಷಗಳ ಮೇಲೆ ರಹಸ್ಯ ಸಂದೇಶಗಳನ್ನು ಕಾಯುವ ಒಂದು ಪದ್ಧತಿಗೆ ಆಧಾರವಾಯಿತು. 2016ರಲ್ಲಿ ಇಂಟೆಲ್ ಸಂಸ್ಥೆಯ ಹೊಸ ಗಣಕಹೃದಯದಲ್ಲಿ ಅಡಗಿದ್ದ ಒಂದು ದೋಷವನ್ನು ಹೊರಗೆಡಹಿದುದು ಈ ಅವಿಭಾಜ್ಯಗಳನ್ನು ಹುಡುಕುವ ಕ್ರಮವಿಧಿಯೇ. ಆದರೆ ಇವನ್ನು ನಾವು ಮುಂದೊಡ್ಡಿ ವಾದಿಸುವುದಿಲ್ಲ. ಕೋಲ್ ಅವರು ಮೂರು ವರ್ಷದ ಭಾನುವಾರಗಳನ್ನು ಕೊಟ್ಟುದು ಯಂತ್ರಗಳ ದೋಷ ಹುಡುಕಲಿಕ್ಕಲ್ಲ.

ನಮಗೆ ಮುಖ್ಯವಾಗಿ ತೋರುವುದು ಬೇರೊಂದು ಸಂಗತಿ. ಮೆರ್ಸೆನ್ನನು ಸಜ್ಜನ, ವಿದ್ವಾಂಸ, ಎಲ್ಲರಿಗೂ ಬೇಕಾದವನು. ಆತನ ಮಾತನ್ನು ನಂಬಲು ಎಲ್ಲ ಕಾರಣಗಳೂ ಇದ್ದುವು. ಆದರೂ ಆತನ ಮಾತು ಸಾಲದಾಯಿತು. ಹಳ್ಳಿಯ ಪಾದ್ರಿಯೊಬ್ಬನು ಲೆಕ್ಕ ಹಾಕಿ ಅದನ್ನು ತಿದ್ದಿದನು. ಆತನ ಲೆಕ್ಕವನ್ನು ಮತ್ತೊಬ್ಬರು ಪರೀಕ್ಷಿಸಿದರು. ಯಂತ್ರಕ್ಕೂ ಈ ವಿಷಯದಲ್ಲಿ ವಿನಾಯಿತಿಯಿಲ್ಲ. ಇಂದು ಒಂದು ಗಣಕವು ಹೊಸ ಅವಿಭಾಜ್ಯವನ್ನು ಕಂಡೆನೆಂದರೆ, ಬೇರೆ ಯಂತ್ರದಲ್ಲಿ ಬೇರೆ ಕ್ರಮವಿಧಿಯಿಂದ ಮತ್ತೆ ಲೆಕ್ಕ ಹಾಕಿ ನೋಡಿದ ಹೊರತು ಅದನ್ನು ಒಪ್ಪುವುದಿಲ್ಲ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಿಸೌರಿಯ ಒಂದು ಗಣಕವು 7,42,07,281ನೆಯ ಮನೆಯನ್ನು ಕಂಡು ವರದಿ ಮಾಡಿತ್ತು. ಸುದ್ದಿಯ ಓಲೆ ಹೊರಡಲಿಲ್ಲ. 2016ರ ಜನವರಿಯವರೆಗೆ ಯಾರೂ ಅದನ್ನು ಗಮನಿಸಲಿಲ್ಲ. ಶೋಧನೆಯ ದಿನವೆಂದು ದಾಖಲೆಯಾದುದು ಯಂತ್ರವು ಲೆಕ್ಕ ಮುಗಿಸಿದ ದಿನವಲ್ಲ. ಮನುಷ್ಯನ ಕಣ್ಣಿಗೆ ಬಿದ್ದ ದಿನ.

ಇಂಥ ಮನೆಗಳಿಗೆ ಕೊನೆಯುಂಟೆ, ಅಥವಾ ಅವು ಅನಂತವೆ? ಬೆಸಸಂಖ್ಯೆಯಾದ ಪರಿಪೂರ್ಣ ಸಂಖ್ಯೆಯೊಂದು ಎಲ್ಲಿಯಾದರೂ ಇದೆಯೆ? ಎರಡಕ್ಕೂ ಈವರೆಗೆ ಉತ್ತರವಿಲ್ಲ. ಮೆರ್ಸೆನ್ನನ ಹಾಗೆ ಊಹೆಯನ್ನೇ ಉತ್ತರವೆಂದು ಹೇಳಿಬಿಡುವುದು ಸುಲಭ. ಆದರೆ ಮುನ್ನೂರು ವರ್ಷಗಳ ಅನುಭವವು ನಮ್ಮನ್ನು ತಡೆಯುತ್ತದೆ.

ವಿರಾಮವಿರುವ ಒಂದು ಸಂಜೆ ಶ್ರೋತೃಗಳು ಒಂದು ಹಾಳೆ ಕಾಗದವನ್ನು ತೆಗೆದುಕೊಂಡು ಹದಿಮೂರನೆಯ ಮನೆಯನ್ನು ಪರೀಕ್ಷಿಸಬಹುದು. ಮೊತ್ತ 8,191, ಹೆಜ್ಜೆಗಳು ಹನ್ನೊಂದು. ನಾಲ್ಕರಿಂದ ಪ್ರಾರಂಭಿಸಿ ವರ್ಗ ಮಾಡಿ, ಎರಡನ್ನು ಕಳೆದು, ಶೇಷವನ್ನು ಇಟ್ಟುಕೊಂಡು ನಡೆಯಿರಿ. ಒಂದು ಕಡೆ ಕೈ ತಪ್ಪಿದರೂ ಕೊನೆಯಲ್ಲಿ ಏನೋ ಒಂದು ಸಂಖ್ಯೆ ಬಂದು ನಿಲ್ಲುತ್ತದೆ. ಆಗ ಹಿಂದಿರುಗಿ ತಪ್ಪನ್ನು ಹುಡುಕಬೇಕು. ಸರಿಯಾಗಿ ನಡೆದರೆ ಹನ್ನೊಂದನೆಯ ಹೆಜ್ಜೆಯಲ್ಲಿ ಸೊನ್ನೆಯು ಬರುತ್ತದೆ. ಬರುತ್ತದೆಂದು ನಾವು ಹೇಳಿದೆವೆಂದು ನಂಬಬೇಡಿ, ಮಾಡಿ ನೋಡಿ.